ಸೂಜಿ ಬಾಯಾರು ಬಸ್ಸು ನಿಲ್ಲಿಸಿದ್ದು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ಗಂಗಾವತಿಯಿಂದ ಕನಕಗಿರಿ, ತಾವರಗೇರಾ ಮೇಲೆ ಕುಷ್ಟಗಿಗೆ ಹೋಗುವ ಬೆಳಗಿನ ಆರು ಗಂಟೆಯ ಗಾಡಿ ನನ್ನದು. ಹನ್ನೊಂದು ವರ್ಷದಿಂದ ಇದೇ ದಾರಿಯಲ್ಲಿ ಕಂಡಕ್ಟರ್ ಆಗಿದ್ದೇನೆ. ಅವತ್ತು ಊರು ದಾಟಿ ಇನ್ನೂ ಟಿಕೆಟ್ ಕೊಡುವುದು ಮುಗಿದಿರಲಿಲ್ಲ, ಮುಂದಿನ ಸೀಟಿನ ಇಬ್ಬರು ಗಂಡಸರು ಮಾತು ತೆಗೆದರು.

"ಸೂಜಿ ಬಾಯಾರು ನಿನ್ನಿ ಹೋದ್ರಂತಲ್ಲೋ. ಎದಿ ನೋವು ಬಂದಿತ್ತಂತ. ಭಾಳ ಕೈಗುಣ ಇತ್ತು ನೋಡು ಅವ್ರದು. ಮುಟ್ಟಿದ್ರ ಸಾಕು, ಬಸರ ಹೆಣ್ಮಕ್ಕಳ ವಾಂತಿ ನಿಂದರತಿತ್ತು."

"ಎಲ್ಲೀ ಕೈಗುಣ! ಸೂಜಿ ಚುಚ್ಚಿ ಮಂದಿಗೆ ಟೋಪಿ ಹಾಕಿದ್ರು. ಸೂಜಿಯಿಂದ ವಾಂತಿ ನಿಂದರೂದಾದ್ರ ದರ್ಜಿ ಮನ್ಯಾಗ ಯಾರಿಗೂ ವಾಂತಿನ ಆಗಬಾರ್ದಿತ್ತು."

ಇಬ್ಬರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. "ಇಬ್ರೂ ಬಾಯಿ ಮುಚ್ಚಿಕೊಂಡು ಕುಂದರ್ರಿ" ಎಂದೆ. ಅವರಿಗೆ ತಾವು ಮಾಡಿದ ತಪ್ಪೇನೆಂದು ತಿಳಿಯಲಿಲ್ಲ. ಒಬ್ಬ ಹೊಗಳಿದ್ದ, ಒಬ್ಬ ತೆಗಳಿದ್ದ, ಕಂಡಕ್ಟರ್ ಇಬ್ಬರ ಮೇಲೂ ಹರಿಹಾಯ್ದಳು. ಆದರೆ ಇಬ್ಬರೂ ಹೇಳಿದ್ದು ಸುಳ್ಳೇ ಆಗಿತ್ತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹೆಸರು ಬರೆದರೆ ನಾಳೆ ಯಾರಾದರೂ ಅದನ್ನು ಫ್ಲೆಕ್ಸಿಗೆ ಹಾಕಿ ಬಸ್‌ಸ್ಟ್ಯಾಂಡಿನ ಎದುರು ಕಟ್ಟುತ್ತಾರೆ, ಕೆಳಗೆ ತಮ್ಮ ಫೋಟೋವನ್ನೂ ಹಾಕಿಕೊಳ್ಳುತ್ತಾರೆ. ಫ್ಲೆಕ್ಸ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕಡೆ ಓದಿದ ಹೆಂಗಸಿಗೆ ಮರ್ಯಾದೆಯಿಂದ ಬಾಯಾರು ಎನ್ನುತ್ತಾರೆ. ಬಸ್ಸಿನವರೆಲ್ಲ ಇವರನ್ನು ಸೂಜಿ ಬಾಯಾರು ಎನ್ನುತ್ತಿದ್ದರು, ಎದುರಿಗೇ ಎನ್ನುತ್ತಿದ್ದರು, ಅವರು ಓ ಅನ್ನುತ್ತಿದ್ದರು. ನನಗೂ ಅಷ್ಟು ಸಾಕು.

ದೂರದ ಊರಿನ ಕಾಲೇಜಿನಲ್ಲಿ ಐದಾರು ವರ್ಷ ಪ್ರಕೃತಿ ಚಿಕಿತ್ಸೆ ಓದಿ ಡಾಕ್ಟರಾದವರು. ಔಷಧಿ ಇಲ್ಲದೆ ಬರೀ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಅವರ ಕೆಲಸ. ಹುಟ್ಟಿದ್ದು ಅಳವಂಡಿ, ಮನೆ ಗಂಗಾವತಿ, ದವಾಖಾನೆ ಕುಷ್ಟಗಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ. ಹೀಗಾಗಿ ವಾರದಲ್ಲಿ ಮೂರು ದಿನ ಅವರು ನನ್ನ ಬಸ್ಸಿಗೆ ಬರುತ್ತಿದ್ದರು. ಕುಳ್ಳ ಆಳು, ದೊಡ್ಡ ದನಿ. ಇಳಕಲ್ ಸೀರೆ ಉಟ್ಟು ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಯಾರಾದರೂ ಬೂಟು ನೋಡಿ ಮುಸಿಮುಸಿ ನಕ್ಕರೆ ಕಾಲು ಮುಂದೆ ಚಾಚಿ, "ಚಂದ ಅದಾವೇನ್ರಿ? ನಿಮಗೂ ಬೇಕೇನು?" ಎಂದು ಕೇಳುತ್ತಿದ್ದರು. ಕೈಯಲ್ಲಿ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ ಇರುತ್ತಿತ್ತು. ಕೆಳಗೆ ರೊಟ್ಟಿ ಪಲ್ಯೆ, ಮೇಲೆ ಪಾಕೀಟು ಒಡೆಯದ ಸೂಜಿಗಳು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಎಂದೂ ಮುಟ್ಟಿಸಿದವರಲ್ಲ. ಅದನ್ನು ಪ್ರತಿಯೊಬ್ಬರಿಗೂ ತೋರಿಸಿಯೇ ಪಾಕೀಟು ಹರಿಯುತ್ತಿದ್ದರು.

ನಮ್ಮ ಪರಿಚಯ ಆದದ್ದೇ ಜಗಳದಿಂದ. ಎಂಟು ವರ್ಷದ ಹಿಂದಿನ ಮಾತು. "ಎಲ್ಲಿಗ್ರಿ?" ಎಂದು ಕೇಳಿದೆ. "ಕುಷ್ಟಗಿ. ನಿನಗ ಎಷ್ಟು ತಿಂಗಳು?" ಎಂದರು. ತುಂಬಿದ ಬಸ್ಸು. ನಾನು ಬಸುರಿಯೆಂಬುದು ನನ್ನ ಗಂಡನಿಗೆ ಮತ್ತು ಅತ್ತೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ನಿಮಗ ಯಾಕ್ ಬೇಕ್ರಿ ಅದು? ಟಿಕೆಟ್ ತಗೊಂಡು ಸುಮ್ನ ಕುಂದರ್ರಿ" ಎಂದೆ.

"ಕುಂದರ್ತೀನಿ. ಆದ್ರ ನೀ ಹತ್ತು ನಿಮಿಷದಾಗ ಮೂರು ಸಲ ಸೆರಗು ಮೂಗಿಗೆ ಹಿಡದಿ. ಕನಕಗಿರಿ ಮುಟ್ಟೂದ್ರೊಳಗ ವಾಂತಿ ಮಾಡ್ಕೋತಿ. ಕಿಟಕಿ ಕಡೆ ಬಾ, ಈ ಸೀಟು ಬಿಡ್ತೀನಿ."

ಕನಕಗಿರಿ ಇನ್ನೂ ಮೂರು ಕಿಲೋಮೀಟರ್ ಇರುವಾಗ ನಾನು ಅವರ ಮಡಿಲ ಮೇಲೆ ಬಗ್ಗಿ ಕಿಟಕಿಯಿಂದ ಹೊರಗೆ ವಾಂತಿ ಮಾಡಿಕೊಂಡೆ. ಅವರು ನನ್ನ ಟಿಕೆಟ್ ಯಂತ್ರವನ್ನು ಹಿಡಿದುಕೊಂಡಿದ್ದರು. ಆಮೇಲೆ ಏನೂ ಆಗದವರ ಹಾಗೆ, "ಮುಂದ ನಾಕನೇ ಸೀಟಿನ ಅಜ್ಜ ಇನ್ನೂ ಟಿಕೆಟ್ ತಗೊಂಡಿಲ್ಲ" ಎಂದರು.

ಆಗಿನ ನನ್ನ ಪಾಡು ಹೇಳಬೇಕು. ನನಗೆ ಮೊದಲ ಬಸಿರು ಮೂರನೇ ತಿಂಗಳಿಗೆ ಹೋಗಿತ್ತು. ಬಸ್ಸಿನ ಕುಲುಕಾಟಕ್ಕೇ ಹೋಯಿತು ಎಂದು ಮನೆಯವರು ನಿರ್ಧಾರ ಮಾಡಿದ್ದರು. ಒಂದು ವರ್ಷ ಆದ ಮೇಲೆ ಮತ್ತೆ ನಿಂತಾಗ ಶುರುವಾದದ್ದು ಈ ವಾಂತಿ. ಬೆಳಗಿನ ಹೊತ್ತು ಮಾತ್ರ ಎನ್ನುತ್ತಾರೆ, ನನಗೆ ಮೂರೂ ಹೊತ್ತು. ಗಂಗಾವತಿಯ ಅಕ್ಕಿ ಗಿರಣಿಗಳ ಮುಂದೆ ಗಾಡಿ ಹಾಯುವಾಗ ಬೇಯಿಸಿದ ಭತ್ತದ ವಾಸನೆ ಬರುತ್ತದೆ. ಹುಟ್ಟಿದಾಗಿನಿಂದ ಮೂಗಿಗೆ ಒಗ್ಗಿದ ವಾಸನೆ ಅದು. ಆಗ ಅದೇ ಹೊಟ್ಟೆಯನ್ನು ಕಿತ್ತು ಬಾಯಿಗೆ ತರುತ್ತಿತ್ತು. ಡೀಸೆಲ್, ಮಿರ್ಚಿ ಕರಿಯುವ ಎಣ್ಣೆ, ಮಂದಿಯ ತಲೆಯ ಎಣ್ಣೆ, ನನ್ನದೇ ಖಾಕಿ ಅಂಗಿ, ಯಾವುದೂ ಆಗುತ್ತಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ಹೆದರಿದ್ದರು. "ಒಂದ್ ಸಲ ಕಳಕೊಂಡೀವಿ. ಮಣ್ಣೆತ್ತಿನ ಅಮಾಸಿ ತನಕ ನೋಡೂಣು. ಅಷ್ಟ್ರೊಳಗ ವಾಂತಿ ಕಡಿಮಿ ಆಗಲಿಲ್ಲಂದ್ರ ನೌಕರಿ ಬಿಟ್ಟು ಮನ್ಯಾಗ ಇರು" ಎಂದು ಗಡುವು ಹಾಕಿದರು. ಗಂಡ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದವರು, ಮೊದಲೇ ಮಾತು ಕಡಿಮೆ. "ಅವ್ವ ಹೇಳೂದೂ ಖರೇನ ಐತೆಲ್ಲ" ಎಂದು ತಟ್ಟೆಯ ಕಡೆ ನೋಡಿದರು. ಅಮಾವಾಸ್ಯೆಗೆ ಐದು ವಾರ ಇತ್ತು. ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ, ಹಗಲು ಭತ್ತದ ನಾಟಿಗೆ ಹೋಗಿ ಸಂಜೆ ಓದಿ ಹಿಡಿದ ನೌಕರಿ ಅದು. ಬಿಟ್ಟರೆ ಮತ್ತೆ ಸಿಗುತ್ತಿರಲಿಲ್ಲ. ಮಗುವೂ ಬೇಕಿತ್ತು, ಬಸ್ಸೂ ಬೇಕಿತ್ತು. ಎರಡರಲ್ಲಿ ಒಂದನ್ನು ಆರಿಸು ಎಂದವರ ಮೇಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಬಾಯಾರಿಗೆ ಇದೆಲ್ಲವನ್ನೂ ಮುಂದಿನ ವಾರ ನಾನೇ ಹೇಳಿದೆ. ಅವರು ಕನಿಕರ ತೋರಿಸಲಿಲ್ಲ. "ಕುಲುಕಾಟಕ್ಕ ಬಸಿರು ಹೋಗೂದಾದ್ರ ನಮ್ಮ ಕಡೆ ರಸ್ತಾದಾಗ ಒಂದು ಕೂಸೂ ಹುಟ್ಟತಿರಲಿಲ್ಲ. ಹೋಗಿದ್ದು ನಿನ್ನ ತಪ್ಪಲ್ಲ, ಬಸ್ಸಿನ ತಪ್ಪೂ ಅಲ್ಲ. ಅತ್ತೀನ ಕರಕೊಂಡು ಬಾ. ಅವ್ರ ಮುಂದ ಚುಚ್ತೀನಿ" ಎಂದರು.

ಅತ್ತೆಯನ್ನು ಕರೆದುಕೊಂಡು ಹೋದೆ. ಸೂಜಿ ಹಾಕುವ ಜಾಗ ಮಣಿಕಟ್ಟಿನ ಒಳಮೈಯಲ್ಲಿ, ಗೆರೆಯಿಂದ ಮೂರು ಬೆರಳು ಮೇಲೆ, ಎರಡು ನರಗಳ ನಡುವೆ. ಅಷ್ಟಗಲವೂ ನನ್ನ ಕೈಯಲ್ಲಿ ಹಸಿರು ಬಳೆ. ಅತ್ತೆ ನನ್ನ ಕೈಯನ್ನು ತಮ್ಮ ಕಡೆ ಎಳೆದುಕೊಂಡರು.

"ಬಸರ ಹೆಂಗಸಿನ ಕೈ ಬರಿಗೈ ಮಾಡಬಾರ್ದ್ರಿ ಬಾಯಾರ."

"ಯಾರು ತಗಿ ಅಂದ್ರು? ಮ್ಯಾಲ ಸರಸ್ರಿ. ಮೊಣಕೈ ತನಕ ಜಾಗ ಐತಿ. ಬಳಿ ಕೆಳಗ ಬೀಳದಂಗ ನೀವಾ ಹಿಡಕೋರ್ರಿ."

ಹಾಗೆ ನಮ್ಮ ಅತ್ತೆಯೇ ಎರಡೂ ಕೈಯಿಂದ ಬಳೆ ಹಿಡಿದು ಕೂತರು. ಸೂಜಿ ಕೂದಲಿನಷ್ಟು ಸಣ್ಣದು. ಇರುವೆ ಕಡಿದಷ್ಟೂ ನೋಯಲಿಲ್ಲ. ಆಮೇಲೆ ಒಂದು ರೀತಿಯ ಭಾರ ಮಣಿಕಟ್ಟಿನಿಂದ ನಡುಬೆರಳಿಗೆ ಇಳಿಯಿತು. ಹೊಟ್ಟೆಯ ಕಡೆ ಅವರು ಕೈ ಸಹ ಒಯ್ಯಲಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ಮಲಗಿಸಿದರು.

"ಇದು ನಿಂದರ್ತದೇನ್ರಿ?" ಎಂದು ಅತ್ತೆ ಕೇಳಿದರು.

"ಗೊತ್ತಿಲ್ಲ" ಎಂದರು ಬಾಯಾರು.

ಡಾಕ್ಟರ ಬಾಯಿಂದ ಆ ಮಾತು ಅತ್ತೆ ಅಲ್ಲಿಯವರೆಗೆ ಕೇಳಿರಲಿಲ್ಲ. ಬಾಯಾರು ಮೇಜಿನ ಖಾನೆಯಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಅವರ ಮುಂದಿಟ್ಟರು. ಪ್ರತಿ ಹಾಳೆಯ ನಡುವೆ ಗೆರೆ. ಎಡಕ್ಕೆ "ಆತು", ಬಲಕ್ಕೆ "ಆಗಲಿಲ್ಲ". "ನೋಡ್ರಿ, ಎರಡೂ ಕಡೆ ಮಂದಿ ಅದಾರ. ಕೆಲವ್ರಿಗೆ ಕಡಿಮಿ ಆಕ್ಕೈತಿ. ಕೆಲವ್ರಿಗೆ ಏನೂ ಆಗೂದಿಲ್ಲ. ಯಾಕಂತ ನನಗೂ ಗೊತ್ತಿಲ್ಲ. ನಿಮ್ಮ ಸೊಸಿ ಯಾವ ಕಡೆ ಬರ್ತಾಳಂತ ಮೂರು ವಾರದಾಗ ತಿಳೀತೈತಿ. ಬ್ಯಾರೆ ಡಾಕ್ಟರ್ ಕೊಟ್ಟ ಗುಳಿಗಿ ಏನೂ ಬಿಡೂದು ಬ್ಯಾಡ." ಅತ್ತೆಗೆ ಓದು ಬರದು. ಆದರೂ ಆ ಬಲಗಡೆಯ ಸಾಲನ್ನು ಬಹಳ ಹೊತ್ತು ನೋಡಿದರು. ಮನೆಗೆ ಬರುವಾಗ, "ಈಕಿ ಸುಳ್ಳು ಹೇಳೂ ಪೈಕಿ ಅಲ್ಲ" ಎಂದರು.

ಆ ನೋಟ್‌ಬುಕ್ಕನ್ನು ಅವರು ಎಲ್ಲ ಕಡೆ ಹೊತ್ತೊಯ್ಯುತ್ತಿದ್ದರು. ಒಮ್ಮೆ ಕೊಪ್ಪಳದಲ್ಲಿ ಯಾವುದೋ ಸಭೆ. ಒಬ್ಬ ದೊಡ್ಡ ಡಾಕ್ಟರು ಎಲ್ಲರ ಮುಂದೆ, ಈ ಸೂಜಿ ಚಿಕಿತ್ಸೆ ಬರೀ ಮನಸ್ಸಿನ ಸಮಾಧಾನ ಎಂದು ಮೂಗು ಮುರಿದರಂತೆ. ಇವರು ಎದ್ದು ನಿಂತು, "ಇರಬಹುದ್ರೀ ಸರ್. ನನ್ನ ಸೂಜಿಯಿಂದ ಯಾರ್‍ಯಾರಿಗೆ ಆಗಲಿಲ್ಲ ಅಂತ ಬರದಿಟ್ಟೀನಿ. ನಿಮ್ಮ ಗುಳಿಗಿಯಿಂದ ಯಾರಿಗೆ ಆಗಲಿಲ್ಲ ಅಂತ ನೀವೂ ಬರದಿದ್ರ ತರ್ರಿ, ಇಬ್ರೂ ಕೂಡೇ ನೋಡೂಣು" ಎಂದರಂತೆ. ಇದನ್ನು ಬಸ್ಸಿನಲ್ಲಿ ನನಗೆ ಹೇಳಿ ನಕ್ಕರು. ಆಮೇಲೆ, "ಆತ ಹೇಳಿದ್ದೂ ಇರಬಹುದವಾ. ನನಗ ಅದೂ ಗೊತ್ತಿಲ್ಲ" ಎಂದರು.

ಮಂದಿಗೆ ಈ ಗೊತ್ತಿಲ್ಲ ಎನ್ನುವುದು ರುಚಿಸುತ್ತಿರಲಿಲ್ಲ. ಅವರಿಗೆ ಪವಾಡ ಬೇಕಿತ್ತು, ಇಲ್ಲವೇ ಮೋಸ ಬೇಕಿತ್ತು. ಸೂಜಿ ಹಾಕಿಸಿಕೊಂಡವರಿಗೆ ಬಾಯಾರು ಅರ್ಧ ಸೀಳಿದ ಹುಣಸೆ ಬೀಜವನ್ನು ಅದೇ ಜಾಗಕ್ಕೆ ಪಟ್ಟಿಯಿಂದ ಅಂಟಿಸಿ, ಹೊಟ್ಟೆ ತೊಳಸಿದಾಗ ಅದನ್ನು ಒತ್ತಿಕೊಳ್ಳಲು ಹೇಳುತ್ತಿದ್ದರು. ನವಲಿ ಕಡೆಯ ಒಬ್ಬ ಅತ್ತೆ ಆ ಬೀಜವನ್ನು ಸೊಸೆಯ ಕೈಯಿಂದ ಬಿಚ್ಚಿ, ಕುಂಕುಮ ಹಚ್ಚಿ ದೇವರ ಜಗುಲಿಯ ಮೇಲಿಟ್ಟು ದಿನವೂ ಊದುಬತ್ತಿ ಬೆಳಗಿದಳಂತೆ. ಸೊಸೆಯ ವಾಂತಿ ಹಾಗೇ ಇತ್ತು. "ಬೀಜದಾಗ ಶಕ್ತಿ ಕಡಿಮಿ ಐತ್ರಿ, ಮಂತ್ರಿಸಿ ಬ್ಯಾರೆ ಕೊಡ್ರಿ" ಎಂದು ಬಂದಳು. ಬಾಯಾರು ಒಂದು ಇಡೀ ಹುಣಸೆ ಹಣ್ಣು ಅವಳ ಕೈಗೆ ಹಾಕಿ, "ಬೀಜ ಸೊಸಿ ಕೈಗೆ ಕಟ್ಟು. ಹಣ್ಣು ನೀ ಸಾರಿಗೆ ಹಾಕು. ದೇವರಿಗೆ ಎರಡೂ ಬ್ಯಾಡ" ಎಂದು ಕಳಿಸಿದರು.

ನನಗೆ ಮೊದಲ ಎರಡು ವಾರ ಅನುಕೂಲ ಕಂಡಿತು. ದಿನಕ್ಕೆ ಹತ್ತು ಸಲ ಆಗುತ್ತಿದ್ದ ವಾಂತಿ ಐದಕ್ಕೆ ಇಳಿಯಿತು. ಬೀಜ ಒತ್ತಿಕೊಂಡರೆ ಅಕ್ಕಿ ಗಿರಣಿಯನ್ನು ದಾಟುವಷ್ಟು ಸಾವರಿಸಿಕೊಳ್ಳುತ್ತಿದ್ದೆ. ಮೂರನೇ ವಾರ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಕಣ್ಣಿಗೆ ಕತ್ತಲೆ ಬರುತ್ತಿತ್ತು. ಅಮಾವಾಸ್ಯೆಗೆ ಇನ್ನು ಹನ್ನೆರಡು ದಿನ. ನಾನು ಬಾಯಾರಿಗೆ ಸುಳ್ಳು ಹೇಳಿದೆ, ಛಲೋ ಐತ್ರಿ ಎಂದೆ. ಅವರ ಪುಸ್ತಕದ ಬಲಗಡೆಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ ಯೋಚಿಸಲಾರೆ.

ಅದೊಂದು ಮಂಗಳವಾರ. ಕನಕಗಿರಿ ಬಿಟ್ಟು ತಾವರಗೇರಾ ಕಡೆಗೆ ಹೊರಟಿದ್ದೆವು. ಬಾಯಾರು ಹಿಂದಿನ ಸೀಟಿನಿಂದ ಎದ್ದು ಕಂಬಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಏನೂ ಹೇಳದೆ ನನ್ನ ಮುಂಗೈ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಎತ್ತಿ ಬಿಟ್ಟರು. ಎತ್ತಿದ ಚರ್ಮ ಕೆಳಗಿಳಿಯಲು ತಡ ಮಾಡಿತು.

"ನಾಲಿಗಿ ತಗಿ" ಎಂದರು. ತೆಗೆದೆ.

"ಮುಂಜಾನಿಂದ ಉಚ್ಚಿ ಹೊಯ್ದಿಯೇನು?"

ಬಸ್ಸಿನ ತುಂಬ ಮಂದಿ. ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. "ಬಾಯಾರ, ಸಣ್ಣಕ ಮಾತಾಡ್ರಿ" ಎಂದೆ.

"ಸಣ್ಣಕ ಕೇಳಿದ್ರ ಸಣ್ಣ ಸುಳ್ಳು ಹೇಳ್ತಿ. ಹೊಯ್ದಿಯೋ ಇಲ್ಲೋ?"

"ಇಲ್ರಿ. ನಿನ್ನಿ ರಾತ್ರಿ ಹೋಗಿದ್ದೆ."

"ನೀರು ಎಷ್ಟು ಕುಡದಿ?"

"ಗಾಡಿ ಮ್ಯಾಲ ಇದ್ದಾಗ ನೀರು ಮುಟ್ಟೂದಿಲ್ರಿ" ಎಂದೆ. ಕಾರಣ ಇಷ್ಟೇ. ನಾನು ನೌಕರಿಗೆ ಸೇರಿದ ಮೊದಲ ವಾರವೇ ಹಿರಿಯ ಕಂಡಕ್ಟರ್ ಅಕ್ಕ ಒಬ್ಬರು ಕಿವಿಯಲ್ಲಿ ಹೇಳಿದ್ದರು: "ಡ್ಯೂಟಿ ಮುಗಿಯೂ ತನಕ ನೀರು ಮುಟ್ಟಬ್ಯಾಡ. ನಾಕು ದಿನ ತ್ರಾಸ ಆಕ್ಕೈತಿ, ಆಮ್ಯಾಲ ರೂಢಿ ಆಗತೈತಿ." ಅವರಿಗೆ ಅವರ ಹಿರಿಯರು ಹೇಳಿದ್ದರು. ಗಾಡಿ ನಿಂತಲ್ಲಿ ಹತ್ತು ನಿಮಿಷ. ಡ್ರೈವರ್ ಗಾಡಿಯ ಹಿಂದಕ್ಕೆ ಹೋಗಿ ಬರುತ್ತಾನೆ, ನಾವು ಎಲ್ಲಿಗೆ ಹೋಗಬೇಕು? ದಾರಿಯಲ್ಲಂತೂ ಎರಡೂ ಕಡೆ ಬಯಲು ಹೊಲ, ಅರವತ್ತು ಜೊತೆ ಕಣ್ಣು. ಹಾಗಾಗಿ ಮುಂಜಾನೆ ಐದರಿಂದ ಮಧ್ಯಾಹ್ನ ಎರಡರವರೆಗೆ ಒಂದು ಗುಟುಕೂ ಇಲ್ಲ. ಬಸುರಿಯಾದ ಮೇಲೂ ಅದನ್ನೇ ಪಾಲಿಸಿದ್ದೆ. ಕುಡಿಯದೆ ವಾಂತಿ, ವಾಂತಿಯಿಂದ ಇದ್ದ ನೀರೂ ಹೊರಗೆ. ಇದನ್ನು ಯಾರಿಗಾದರೂ ಹೇಳಬೇಕೆಂದು ನನಗೆ ಹೊಳೆದೂ ಇರಲಿಲ್ಲ. ನಮಗೆ ಅದು ಖಾಕಿ ಹಾಕಿಕೊಂಡಷ್ಟೇ ಸಹಜವಾದ ಸಂಗತಿ.

ಬಾಯಾರಿಗೆ ಒಂದೇ ನಿಮಿಷದಲ್ಲಿ ಎಲ್ಲ ತಿಳಿಯಿತು. ಅವರ ಮುಖ ಕೆಂಪಾಯಿತು. ಅಷ್ಟು ಸಿಟ್ಟು ನಾನು ಅವರಲ್ಲಿ ಮುಂದೆಂದೂ ನೋಡಲಿಲ್ಲ. ಅರ್ಧ ಸಿಟ್ಟು ತಮ್ಮ ಮೇಲೇ ಇತ್ತು. "ಮೂರು ವಾರ ನಿನ್ನ ಕೈ ಹಿಡದು ಕುಂತೆ. ಈ ಮಾತು ಕೇಳಲಿಲ್ಲ. ಎಂಥ ಡಾಕ್ಟರ್ ನಾನು" ಎಂದರು. ಆಮೇಲೆ ನನ್ನ ಕೊರಳಲ್ಲಿದ್ದ ಸೀಟಿಯನ್ನು ತಾವೇ ಬಾಯಿಗಿಟ್ಟು ಊದಿಬಿಟ್ಟರು.

ಡ್ರೈವರ್ ಹನಮಪ್ಪಣ್ಣ ಗಕ್ಕನೆ ಬ್ರೇಕ್ ಹಾಕಿದ. ಅಲ್ಲಿ ಸ್ಟಾಪಿರಲಿಲ್ಲ. ರಸ್ತೆಯ ಪಕ್ಕ ಒಂದು ಬೇವಿನ ಗಿಡ, ಅದರಾಚೆ ಗಂಗವ್ವ ಎಂಬವಳ ಹೊಲದ ಮನೆ. ಅವಳ ಸೊಸೆ ಹಿಂದೆ ಬಾಯಾರ ಹತ್ತಿರ ಸೂಜಿ ಹಾಕಿಸಿಕೊಂಡವಳು.

"ಯಾಕ್ರಿ, ಏನಾತು?" ಎಂದು ಮುಂದಿನಿಂದ ಒಬ್ಬ ಕೂಗಿದ. "ಕುಷ್ಟಗ್ಯಾಗ ನಂದು ಕೆಲಸ ಐತಿ, ತಡ ಆಗತೈತಿ!"

ಬಾಯಾರು ಬಸ್ಸಿನ ನಡುವೆ ನಿಂತು ಹೇಳಿದರು: "ಕಂಡಕ್ಟರ್ ಬಾಯಿ ಉಚ್ಚಿ ಹೊಯ್ದು, ನೀರು ಕುಡದು ಬರ್ತಾಳ. ಐದು ನಿಮಿಷ. ಯಾರಿಗೆ ಅವಸರ ಐತಿ, ಅವ್ರು ಇಳದು ನಡಕೋತ ಹೋಗ್ರಿ."

ಯಾರೂ ಇಳಿಯಲಿಲ್ಲ.

ಗಂಗವ್ವನ ಮನೆಗೆ ಸರ್ಕಾರದವರು ಕಟ್ಟಿಸಿಕೊಟ್ಟ ಪಾಯಖಾನೆ ಇತ್ತು. ಅದರಲ್ಲಿ ಅವಳು ಶೇಂಗಾ ಹೊಟ್ಟಿನ ಚೀಲ ತುಂಬಿ, ಮೇಲೆ ಕೋಳಿ ಕಾವಿಗೆ ಕೂಡಿಸಿದ್ದಳು. ಬಾಯಾರು ಚೀಲಗಳನ್ನು ತಾವೇ ಎಳೆದು ಹೊರಗೆ ಹಾಕಿದರು. ಕೋಳಿ ಅವರ ಕೈಗೆ ಕುಕ್ಕಿತು. "ಹೊಟ್ಟಿಗೆ ಮನಿ ಐತಿ, ಹೆಣ್ಮಕ್ಕಳಿಗಿಲ್ಲೇನು?" ಎಂದು ಗಂಗವ್ವನನ್ನೂ ಬೈದರು. ನಾನು ಒಳಗೆ ಹೋಗಿ ಬಂದೆ. "ಬಣ್ಣ ಹೆಂಗಿತ್ತು?" ಎಂದು ಕೇಳಿದರು. "ಚಹಾದಂಗ್ರಿ" ಎಂದೆ. ಅವರು ತಲೆ ಅಲ್ಲಾಡಿಸಿದರು. "ಇದಕ್ಕ ನಾ ಸಾಲಂಗಿಲ್ಲ. ಕುಷ್ಟಗಿ ಮುಟ್ಟಿದ ಕೂಡ್ಲೇ ಆಸ್ಪತ್ರಿ. ಸಲಾಯಿನ್ ಹಚ್ಚಬೇಕು."

ಕುಷ್ಟಗಿಯಲ್ಲಿ ಇಳಿದಾಗ ಗಾಡಿ ಹದಿನೈದು ನಿಮಿಷ ತಡವಾಗಿತ್ತು. ತಡವಾದರೆ ನಾವು ಕಾಗದದಲ್ಲಿ ಕಾರಣ ಬರೆಯಬೇಕು. "ಎತ್ತಿನ ಬಂಡಿ ಅಡ್ಡ ಬಂದಿತ್ತು" ಎಂದು ಬರೆದೆ. ಬಾಯಾರು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು.

"ಯಾವ ಎತ್ತು? ನಾ ನೋಡ್ಲಿಲ್ಲಲ್ಲ."

"ಉಚ್ಚಿ ಅಂತ ಹೆಂಗ ಬರೀಲ್ರಿ ಬಾಯಾರ? ಮಂದಿ ಓದ್ತಾರ."

"ಓದ್ಲಿ. ಓದಿದ್ರನ ಗೊತ್ತಾಗತೈತಿ. ನಾ ನನ್ನ ಪುಸ್ತಕದಾಗ ಆಗಲಿಲ್ಲ ಅಂತ ಬರೀತೀನಿ, ನೀ ಖರೇ ಬರ್‍ಯಾಕ ಯಾಕ ಹೆದರ್ತಿ?"

ನಾನು ಅದನ್ನು ತಿದ್ದಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಅಲ್ಲಿಯ ಡಾಕ್ಟರು ಸಲಾಯಿನ್ ಹಚ್ಚಿ, ಬೇರೆ ಗುಳಿಗೆ ಕೊಟ್ಟು, ಮಗು ಚೆನ್ನಾಗಿದೆ ಎಂದರು. ಬಾಯಾರು ಆ ಎರಡೂ ದಿನ ಬಂದು ನನ್ನ ಕಾಲ ಹತ್ತಿರ ಕೂತು ರೊಟ್ಟಿ ತಿಂದು ಹೋದರು. ಅತ್ತೆಗೆ ಇಡೀ ಸಂಗತಿಯನ್ನು ಅವರೇ ಹೇಳಿದರು. ನೀರು ಕುಡಿಯದೆ ಇರುತ್ತಿದ್ದಳು ಎಂದು ಕೇಳಿ ಅತ್ತೆ ನಂಬಲಿಲ್ಲ. "ಹಿಂಗೂ ಇರ್ತಾರೇನ್ರಿ ಮಂದಿ?" ಎಂದು ನನ್ನ ಮುಖವನ್ನೇ ನೋಡಿದರು. ಆ ನೋಟ ನನಗೆ ಬೈಗುಳಕ್ಕಿಂತ ಹೆಚ್ಚು ತಾಕಿತು.

ಅಮಾವಾಸ್ಯೆಯ ದಿನ ಮನೆಯಲ್ಲಿ ಮಣ್ಣೆತ್ತು ಮಾಡಿ ಪೂಜೆಯಾಯಿತು. ಹೋಳಿಗೆ ತಿಂದೆ, ಒಮ್ಮೆ ವಾಂತಿ ಮಾಡಿಕೊಂಡೆ. ಒಂದೇ ಸಲ. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು, "ಅಮಾಸಿ ಆತು" ಎಂದರು. ನಾನು ಬಾಯಿ ತೊಳೆದುಕೊಂಡು, "ಆತ್ರಿ ಅತ್ತಿ. ನಾಳಿ ಆರು ಗಂಟಿ ಗಾಡಿ ನಂದು" ಎಂದೆ. ಜಗಳಕ್ಕೆ ಸಿದ್ಧಳಾಗಿಯೇ ಹೇಳಿದ್ದೆ. ಮರುದಿನ ನಸುಕಿನಲ್ಲಿ ಹೊರಡುವಾಗ ಬಾಗಿಲ ಹತ್ತಿರ ಎರಡು ಲೀಟರಿನ ಬಾಟಲಿ ತುಂಬಿ ಇಟ್ಟಿತ್ತು. ಅತ್ತೆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಹೊಲಿದಿದ್ದರು.

ವಾಂತಿ ಪೂರ್ತಿ ನಿಂತದ್ದು ಐದನೇ ತಿಂಗಳಿಗೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಸೂಜಿ, ದಿನವೂ ಬೀಜ, ಗುಳಿಗೆ, ಎರಡು ಲೀಟರ್ ನೀರು ಎಲ್ಲವೂ ನಡೆದವು. ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಾಯಾರನ್ನು ಕೇಳಿದೆ. ಅವರು ನೋಟ್‌ಬುಕ್ ತೆಗೆದರು. ಪೆನ್ನನ್ನು ಎಡಕ್ಕೆ ಒಯ್ದರು, ಬಲಕ್ಕೆ ಒಯ್ದರು, ಕೊನೆಗೆ ನನ್ನ ಹೆಸರನ್ನು ನಡುವಿನ ಗೆರೆಯ ಮೇಲೇ ಬರೆದರು. ಕೆಳಗೆ ಸಣ್ಣ ಅಕ್ಷರದಲ್ಲಿ, "ನೀರಿನ ಮಾತು ಮೊದಲೇ ಕೇಳಬೇಕಿತ್ತು" ಎಂದು ಬರೆದುಕೊಂಡರು. ಅಂದಿನಿಂದ ಅವರ ದವಾಖಾನೆಗೆ ಯಾವ ಹೆಣ್ಣುಮಗಳು ಬಂದರೂ, ಶಾಲೆಯ ಬಾಯಾರಿರಲಿ, ಕಳೆ ತೆಗೆಯುವವಳಿರಲಿ, ಅವರು ಮೊದಲು ಕೇಳುತ್ತಿದ್ದುದು ಒಂದೇ: "ಕೆಲಸದ ಜಾಗದಾಗ ಉಚ್ಚಿಗೆ ಎಲ್ಲಿ ಹೋಗ್ತಿ?"

ನನಗೆ ಮಗಳು ಹುಟ್ಟಿದಳು. ಬಾಯಾರು ನೋಡಲು ಬಂದು, ಕೂಸಿಗೆ ಏನನ್ನೂ ತರದೆ, ನನಗೊಂದು ಹೊಸ ನೀರಿನ ಬಾಟಲಿ ತಂದರು.

ಬೇವಿನ ಗಿಡದ ಹತ್ತಿರ ಗಾಡಿ ನಿಲ್ಲುವುದು ಅಂದಿನಿಂದ ನಿಂತಿಲ್ಲ. ಹನಮಪ್ಪಣ್ಣ ವರ್ಗವಾಗಿ ಹೋದ, ಬೇರೆ ಡ್ರೈವರುಗಳು ಬಂದರು, ಎಲ್ಲರಿಗೂ ನಾನು ಹೇಳಿಕೊಟ್ಟೆ. ಆದರೆ ತಡವಾದ ದಿನ ಕಾಗದದಲ್ಲಿ ಮಾತ್ರ ಸುಳ್ಳೇ ಬರೆದೆ. ದನ ಅಡ್ಡ ಬಂತು, ಕುರಿ ಹಿಂಡು ಅಡ್ಡ ಬಂತು, ಟೈರ್ ನೋಡಿದೆವು. ಬಾಯಾರು ಗಾಡಿ ಇಳಿಯುವಾಗ ಬಾಗಿಲಲ್ಲಿ ನಿಂತು ಕಾಲೆಳೆಯುತ್ತಿದ್ದರು. "ಇವತ್ತು ಎತ್ತೋ, ಎಮ್ಮಿಯೋ?" ನಾನು "ಕುರಿ ಬಾಯಾರ" ಎನ್ನುತ್ತಿದ್ದೆ. ಅವರು ನಗುತ್ತ ಬೂಟು ಕಾಲಿನಲ್ಲಿ ಟಪಟಪ ನಡೆದುಹೋಗುತ್ತಿದ್ದರು. ಎಂಟು ವರ್ಷ ಈ ಆಟ ನಡೆಯಿತು. ನಗುತ್ತಿದ್ದರೂ ಅವರಿಗೆ ಅದು ಸೇರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಆ ಇಬ್ಬರು ಗಂಡಸರ ಬಾಯಿ ಮುಚ್ಚಿಸಿದ ಬೆಳಿಗ್ಗೆಗೆ ಈಗ ಮರಳುತ್ತೇನೆ. ಮಣ್ಣು ಮಾಡುವುದು ಅಳವಂಡಿಯಲ್ಲಿ, ಹನ್ನೊಂದು ಗಂಟೆಗೆ ಎಂದು ಯಾರೋ ಹೇಳಿದರು. ಗಾಡಿ ಬಿಟ್ಟು ಹೋಗುವಂತಿರಲಿಲ್ಲ. ಹೋಗಿದ್ದರೆ ಅವರೇ ಬೈಯುತ್ತಿದ್ದರು. ಕಣ್ಣೀರು ಬಂತು, ಒರೆಸಿಕೊಂಡು ಟಿಕೆಟ್ ಕೊಟ್ಟೆ. ಈಗ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. ಗಾಡಿಯ ತುಂಬ ಅವರೇ, ಕಾಲಿಡಲು ಜಾಗವಿಲ್ಲ. ಬೇವಿನ ಗಿಡ ಬಂತು. ಸೀಟಿ ಊದಿದೆ. ಗಾಡಿ ನಿಂತಿತು.

ದಿನವೂ ನಾನು ಬಾಟಲಿ ಹಿಡಿದುಕೊಂಡು ಸುಮ್ಮನೆ ಇಳಿದು ಹೋಗಿ ಬರುತ್ತಿದ್ದೆ, ಟೈರ್ ನೋಡಲು ಹೋದವಳ ಹಾಗೆ. ಅವತ್ತು ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಬಸ್ಸಿನ ನಡುವೆ ಹೋಗಿ ನಿಂತೆ.

"ನಾ ಉಚ್ಚಿಗೆ ಹೊಂಟೀನಿ. ಗಂಗವ್ವನ ಮನ್ಯಾಗ ಪಾಯಖಾನಿ ಐತಿ, ನೀರು ಐತಿ. ಯಾವ ಹೆಣ್ಮಕ್ಕಳು ತಡಕೊಂಡು ಕುಂತೀರಿ, ಬರ್ರಿ. ಎಲ್ರೂ ಬರೂ ತನಕ ಗಾಡಿ ಬಿಡೂದಿಲ್ಲ."

ಮೊದಲು ಹಿಂದಿನ ಸೀಟಿನಿಂದ ಒಬ್ಬ ಮುದುಕಿ, "ತಡಿಯವಾ, ನಾನೂ ಬಂದೆ" ಎಂದು ಎದ್ದಳು. ಅವಳ ಹಿಂದೆ ಕಾಲೇಜಿನ ಇಬ್ಬರು ಹುಡುಗಿಯರು, ಕೂಸನ್ನು ಎತ್ತಿಕೊಂಡ ಒಬ್ಬಳು, ಏಳು ತಿಂಗಳ ಹೊಟ್ಟೆ ಹೊತ್ತ ಒಬ್ಬಳು. ಗಂಗವ್ವನ ಅಂಗಳದಲ್ಲಿ ಸಾಲು ನಿಂತಿತು. ಎಣಿಸಿದೆ, ನನ್ನನ್ನು ಬಿಟ್ಟು ಹದಿನಾಲ್ಕು ಮಂದಿ. ಇಷ್ಟು ವರ್ಷ ನಾನೊಬ್ಬಳೇ ಇಳಿದು ಹೋಗಿ ಬರುತ್ತಿದ್ದಾಗ ಇವರೆಲ್ಲ ಒಳಗೆ ಹಲ್ಲು ಕಚ್ಚಿ ಕೂತಿರುತ್ತಿದ್ದರು. ಒಂದು ದಿನವೂ ನಾನು ಕೇಳಿರಲಿಲ್ಲ.

ಬಸ್ಸಿನಿಂದ ಆ ದರ್ಜಿ ಮಾತಿನ ಗಂಡಸು ತಲೆ ಹೊರಗೆ ಹಾಕಿದ. "ಏನ್ ಕಂಡಕ್ಟರ್ ಬಾಯಿ, ಹಿಂಗಾದ್ರ ಕುಷ್ಟಗಿ ಯಾವಾಗ ಮುಟ್ಟೂದು?"

"ಅವಸರ ಇದ್ರ ಇಳದು ನಡಕೋತ ಹೋಗ್ರಿ" ಎಂದೆ. ಆತ ತಲೆ ಒಳಗೆ ಎಳೆದುಕೊಂಡ.

ಕುಷ್ಟಗಿಗೆ ಇಪ್ಪತ್ತೆರಡು ನಿಮಿಷ ತಡವಾಗಿ ಮುಟ್ಟಿದೆವು. ಕಾಗದ ತೆಗೆದು, ತಡವಾದ ಕಾರಣದ ಜಾಗದಲ್ಲಿ ದುಂಡಗೆ ಬರೆದೆ: "ಕಂಡಕ್ಟರ್ ಮತ್ತು ಹದಿನಾಲ್ಕು ಜನ ಮಹಿಳೆಯರು ಮೂತ್ರಕ್ಕೆ ಹೋಗಿದ್ದರು." ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬರು ಅದನ್ನು ಓದಿದರು. ಮತ್ತೊಮ್ಮೆ ಓದಿದರು. "ಇದೇನವಾ ಇದು? ದನ ಅಡ್ಡ ಬಂದಿತ್ತಂತ ಬರದು ಕೊಡು, ಮುಗೀತು" ಎಂದು ನನ್ನ ಒಳ್ಳೆಯದಕ್ಕೇ ಎನ್ನುವಂತೆ ಹೇಳಿ, ಕಾಗದವನ್ನು ನನ್ನ ಕಡೆ ಸರಿಸಿದರು.

ನಾನು ಅದನ್ನು ಅವರ ಕಡೆಗೇ ತಿರುಗಿ ಸರಿಸಿದೆ.

"ಇವತ್ತು ಯಾವ ದನಾನೂ ಬಂದಿಲ್ರಿ ಸಾಹೇಬ್ರ. ಸಹಿ ಮಾಡ್ರಿ."